ವಿಮ್‌ನಿಂದ ವಿಎಸ್ ಕೋಡ್‌ಗೆ: ಪದಕೋಶದ ಕೆಲಸ ಎಲ್ಲಿಗೆ ಬಂತು

ಪದಕೋಶದ ಕೆಲಸ ಈ ಸಲ ಬೇರೆ ದಾರಿ ಹಿಡಿಯಿತು. ಕೋಡ್‌ಗಿಂತ ಜಾಸ್ತಿ ಸಮಯ ಎಡಿಟರ್ (ಕೋಡ್ ಬರೆಯುವ, ತಿದ್ದುವ ತಂತ್ರಾಂಶ) ಬದಲಾಯಿಸುವುದಕ್ಕೇ ಹೋಯಿತು. ವರ್ಷಗಟ್ಟಲೆ ವಿಮ್‌ನಲ್ಲೇ ಬರೆಯುತ್ತಿದ್ದೆ, ಈಗ ವಿಎಸ್ ಕೋಡ್‌ಗೆ ಬಂದಿದ್ದೇನೆ. ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು: ಇದು ಬೇಸಾಯದ, ಅಡುಗೆಮನೆಯ ಪದಗಳನ್ನು ಕೂಡಿಸಿ, ಅಕಾರಾದಿಯಾಗಿ ಜೋಡಿಸಿ, ಪುಟ ಮಾಡಿಕೊಡುವ ಒಂದು ಪೈಥಾನ್ ಪ್ರೋಗ್ರಾಂ. ಕೋಡ್ ಇಂಗ್ಲಿಷ್‌ನಲ್ಲಿದೆ, ಪದಗಳ ಫೈಲ್‌ಗಳೆಲ್ಲ ಕನ್ನಡದಲ್ಲಿವೆ. ಎಡಿಟರ್ ಬದಲಾಯಿಸಬೇಕಾಗಿ ಬಂದದ್ದೇ ಈ ಕನ್ನಡದ ಫೈಲ್‌ಗಳಿಂದ.

ಬಿಡಬೇಕಾಗಿ ಬಂದ ಕಾರಣ

ವಿಮ್ ಓಡುವುದು ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ಒಳಗೆ. ಟರ್ಮಿನಲ್ ಪರದೆಯನ್ನು ಒಂದೇ ಅಗಲದ ಮನೆಗಳಾಗಿ ಭಾಗ ಮಾಡಿಕೊಳ್ಳುತ್ತದೆ, ಅಕ್ಷರಕ್ಕೆ ಒಂದು ಮನೆ. ಇಂಗ್ಲಿಷ್‌ಗೆ ಇದು ಸರಿಹೋಗುತ್ತದೆ. ಕನ್ನಡದ 'ಕ್ಷ' ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರ್‌ಗೆ ಮಾತ್ರ ಕ, ಅರ್ಧಾಕ್ಷರ ಮಾಡುವ ಹಲಂತ ಚಿಹ್ನೆ (್), ಷ ಎಂಬ ಮೂರು ಸಂಕೇತ. ಪಠ್ಯವನ್ನು ಫೈಲ್‌ನಲ್ಲಿ ಉಳಿಸುವ ಯುಟಿಎಫ್-8 ವಿಧಾನದಲ್ಲಿ 9 ಬೈಟ್. ಇದನ್ನು ಮನೆಗಳ ಲೆಕ್ಕಕ್ಕೆ ಕೂರಿಸಲು ಹೋದಾಗ ಒತ್ತಕ್ಷರ ಬಿಡಿಯಾಗಿ ನಿಲ್ಲುತ್ತದೆ, ಇಲ್ಲವೇ ಪಕ್ಕದ ಅಕ್ಷರದ ಮೇಲೆ ಹತ್ತುತ್ತದೆ. ಕರ್ಸರ್ ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ವಿಮ್‌ನ ಇನ್ನೊಂದು ರೂಪವಾದ ಜಿವಿಮ್‌ಗೆ ಬೇರೆ ಕಿಟಕಿ ಇದ್ದರೂ ಅದರದ್ದೂ ಮನೆಗಳ ಲೆಕ್ಕವೇ.

ಕನ್ನಡವನ್ನು ಎಡಿಟ್ ಮಾಡುವ ವಿಷಯದಲ್ಲಿ ವಿಮ್ ಬಹಳ ಜಾಣ. ಇದನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಕರ್ಸರ್ ಕೆಳಗಿನ ಅಕ್ಷರದ ಮೇಲೆ ಜಿ, ಎ ಒತ್ತಿದರೆ ಮೂಲಾಕ್ಷರ ಯಾವುದು, ಅದಕ್ಕೆ ಅಂಟಿದ ಗುಣಿತದ ಚಿಹ್ನೆ ಯಾವುದು, ಅವುಗಳ ಯೂನಿಕೋಡ್ ಸಂಖ್ಯೆ (ಪ್ರತಿ ಸಂಕೇತಕ್ಕೂ ಗೊತ್ತುಮಾಡಿದ ಸಂಖ್ಯೆ) ಎಷ್ಟು ಎಂದು ಕೆಳಗೆ ತೋರಿಸುತ್ತದೆ. 'ಡೆಲ್‌ಕಂಬೈನ್' ಆಯ್ಕೆ ಹಾಕಿಕೊಂಡರೆ ಎಕ್ಸ್ ಒತ್ತಿದಾಗ ಗುಣಿತ ಮಾತ್ರ ಹೋಗಿ ಮೂಲಾಕ್ಷರ ಉಳಿಯುತ್ತದೆ. 'ಕೊ' ಬದಲು 'ಕೋ' ಬಿದ್ದಿದ್ದರೆ ತಿದ್ದುವುದಕ್ಕೆ ಇದಕ್ಕಿಂತ ಸುಲಭದ ದಾರಿ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಆದರೆ ದಿನವಿಡೀ ಓದಬೇಕಾದ ಪಠ್ಯ ಕಣ್ಣಿಗೆ ಸರಿಯಾಗಿ ಕಾಣಬೇಕಲ್ವಾ? ಪದದ ಅರ್ಥ ತಿದ್ದಬೇಕಾದ ಹೊತ್ತಿನಲ್ಲಿ ಒತ್ತಕ್ಷರ ಊಹಿಸುತ್ತಾ ಕೂರುವುದು ದಣಿವಿನ ಕೆಲಸ.

ವಿಎಸ್ ಕೋಡ್ ನಿಂತಿರುವುದು ಬ್ರೌಸರ್ ತಂತ್ರಜ್ಞಾನದಿಂದ ಪ್ರೋಗ್ರಾಂ ಕಟ್ಟುವ ಎಲೆಕ್ಟ್ರಾನ್ ಮೇಲೆ. ಎಲೆಕ್ಟ್ರಾನ್ ಒಳಗಿರುವುದು ಕ್ರೋಮಿಯಂ, ಅಂದರೆ ಕ್ರೋಮ್ ಬ್ರೌಸರ್‌ನ ಮೂಲ. ಬ್ರೌಸರ್‌ನಲ್ಲಿ ಕನ್ನಡ ಹೇಗೆ ಕಾಣುತ್ತದೋ ಇಲ್ಲೂ ಹಾಗೇ ಕಾಣುತ್ತದೆ. ಫಾಂಟ್ ಪಟ್ಟಿಯಲ್ಲಿ ಕೋಡ್‌ನ ಫಾಂಟ್ ಆದ ಮೇಲೆ ನೋಟೋ ಸಾನ್ಸ್ ಕನ್ನಡ ಸೇರಿಸಿದೆ. ಸಾಲಿನ ಎತ್ತರ 1.8ಕ್ಕೆ ಏರಿಸಿದೆ. ಹಾಗೆ ಮಾಡದಿದ್ದರೆ 'ಸ್ತ್ರೀ' ಥರದ ಅಕ್ಷರಗಳ ಬುಡ ಕೆಳಗಿನ ಸಾಲಿಗೆ ತಾಗುತ್ತದೆ.

ಕೈಗೆ ಅಂಟಿದ ಅಭ್ಯಾಸ

ಎಡಿಟರ್ ಬಿಡಬಹುದು, ಬೆರಳುಗಳಿಗೆ ಅಂಟಿದ ಅಭ್ಯಾಸ ಬಿಡಲಾಗದು. ಬಿಡುವ ಅಗತ್ಯವೂ ಇಲ್ಲ ಎಂಬುದು ಈಗ ನನ್ನ ಗಟ್ಟಿ ಅಭಿಪ್ರಾಯ.

ಮೌಸ್ ಮುಟ್ಟದೆ ಅಕ್ಷರದ ಕೀಗಳಿಂದಲೇ ಕರ್ಸರ್ ಓಡಿಸುವ, ಕಮಾಂಡ್ ಕೊಡುವ ಈ ಅಭ್ಯಾಸಕ್ಕೆ ದೊಡ್ಡ ಇತಿಹಾಸವಿದೆ. 1976ರ ಹೊತ್ತಿಗೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬಿಲ್ ಜಾಯ್ ವಿಮ್‌ಗೆ ಮೂಲವಾದ 'ವಿಐ' ಎಡಿಟರ್ ಬರೆದಾಗ ಅವರ ಮುಂದೆ ಇದ್ದದ್ದು ಎಡಿಎಂ-3ಎ ಎಂಬ ಟರ್ಮಿನಲ್. ಅದರಲ್ಲಿ ಬಾಣದ ಗುರುತುಗಳು ಎಚ್, ಜೆ, ಕೆ, ಎಲ್ ಕೀಗಳ ಮೇಲೇ ಇದ್ದವು. ಎಸ್ಕೇಪ್ ಕೀ ಇದ್ದದ್ದು ಇವತ್ತಿನ ಟ್ಯಾಬ್ ಜಾಗದಲ್ಲಿ, ಕಿರುಬೆರಳಿಗೆ ಸಿಗುವ ಹಾಗೆ. ಕೀಬೋರ್ಡ್ ಬದಲಾಯಿತು, ಎಸ್ಕೇಪ್ ಮೂಲೆಗೆ ಹೋಯಿತು, ಕ್ರಮ ಮಾತ್ರ ಉಳಿಯಿತು. ಬ್ರಾಮ್ ಮೊಲೆನಾರ್ 1991ರಲ್ಲಿ ಅಮಿಗಾ ಕಂಪ್ಯೂಟರ್‌ಗೆ ವಿಮ್ ಬಿಡುಗಡೆ ಮಾಡಿ, 2023ರ ಆಗಸ್ಟ್‌ನಲ್ಲಿ ತೀರಿಕೊಳ್ಳುವವರೆಗೂ ಅದನ್ನು ನೋಡಿಕೊಂಡರು. ಖಾಲಿ ವಿಮ್ ತೆರೆದರೆ ಉಗಾಂಡಾದ ಬಡ ಮಕ್ಕಳಿಗೆ ನೆರವಾಗಿ ಎಂಬ ಸಾಲು ಕಾಣುತ್ತದೆ. ಹಣ ಕೇಳದೆ ಕೊಟ್ಟ ಸಾಫ್ಟ್‌ವೇರ್‌ನಿಂದ ಅವರು ಬಯಸಿದ್ದು ಅಷ್ಟೇ. ಆ ಋಣ ಎಡಿಟರ್ ಬದಲಾಯಿಸಿದರೂ ತೀರುವಂಥದ್ದಲ್ಲ.

ವಿಎಸ್ ಕೋಡ್‌ನಲ್ಲಿ ಈ ಕೈಚಳಕ ಉಳಿಸಿಕೊಳ್ಳಲು ಎರಡು ಎಕ್ಸ್‌ಟೆನ್ಶನ್ (ಎಡಿಟರ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಂ) ಇವೆ. ಒಂದು ವಿಎಸ್‌ಕೋಡ್‌ವಿಮ್, ಅದು ವಿಮ್‌ನ ನಡವಳಿಕೆಯನ್ನು ತಾನೇ ಅನುಕರಿಸುತ್ತದೆ. ಇನ್ನೊಂದು ವಿಎಸ್‌ಕೋಡ್-ನಿಯೋವಿಮ್, ಅದು ಹಿಂದೆ ವಿಮ್‌ನಿಂದ ಕವಲೊಡೆದ ನಿಜವಾದ ನಿಯೋವಿಮ್ ಅನ್ನೇ ಓಡಿಸುತ್ತದೆ. ಹಳೆ ಸೆಟ್ಟಿಂಗ್ ಫೈಲ್ ಬಿಡಲಾಗದವರಿಗೆ ಎರಡನೆಯದು ಒಳ್ಳೆಯದು. ನಾನು ಮೊದಲನೆಯದನ್ನು ಹಾಕಿಕೊಂಡೆ. ಕಾರಣ ಕೆಳಗೆ ಬರುತ್ತದೆ.

ಉದ್ಧರಣ ಚಿಹ್ನೆಯ ಒಳಗಿನದನ್ನೆಲ್ಲ ತೆಗೆದು ಹೊಸದು ಬರೆಯಬೇಕಾದರೆ ಸಿ, ಐ, ಆಮೇಲೆ ಆ ಚಿಹ್ನೆ ಒತ್ತಿದರೆ ಆಯಿತು. ಅದೇ ಕೆಲಸ ಮುಂದಿನ ಸಾಲಿನಲ್ಲೂ ಆಗಬೇಕಾದರೆ ಅಲ್ಲಿಗೆ ಹೋಗಿ ಒಂದು ಚುಕ್ಕೆ. ಇದು ಇಲ್ಲೂ ಹಾಗೇ ಬಂತು. ಜಟಾಪಟಿ ಆದದ್ದು ಕಂಟ್ರೋಲ್ ಕೀಗಳಲ್ಲಿ. ಕಂಟ್ರೋಲ್-ಎಫ್ ವಿಮ್‌ನಲ್ಲಿ ಒಂದು ಪುಟ ಮುಂದಕ್ಕೆ, ವಿಎಸ್ ಕೋಡ್‌ನಲ್ಲಿ ಹುಡುಕು. ಕಂಟ್ರೋಲ್-ಬಿ ಅಲ್ಲಿ ಪುಟ ಹಿಂದಕ್ಕೆ, ಇಲ್ಲಿ ಪಕ್ಕದ ಪಟ್ಟಿ ಮುಚ್ಚು-ತೆರೆ. 'ಹ್ಯಾಂಡಲ್ ಕೀಸ್' ಸೆಟ್ಟಿಂಗ್‌ನಲ್ಲಿ ಒಂದೊಂದು ಕೀ ಯಾರದ್ದು ಎಂದು ಹೇಳಬಹುದು. ಎಫ್ ಮತ್ತು ಬಿ ವಿಎಸ್ ಕೋಡ್‌ಗೆ ಕೊಟ್ಟೆ, ಅರ್ಧ ಪುಟ ಇಳಿಯುವ ಕಂಟ್ರೋಲ್-ಡಿ ವಿಮ್‌ಗೆ ಉಳಿಸಿಕೊಂಡೆ. ಮಿನಿಮ್ಯಾಪ್ (ಪಕ್ಕದಲ್ಲಿ ಕಾಣುವ ಫೈಲ್‌ನ ಕಿರುಚಿತ್ರ) ತೆಗೆದೆ, ಸಾಲಿನ ಸಂಖ್ಯೆ ರಿಲೇಟಿವ್ ಮಾಡಿದೆ, ಅಂದರೆ ಕರ್ಸರ್ ಇರುವ ಸಾಲಿನಿಂದ ಎಣಿಕೆ.

ಕನ್ನಡ ಕೀಬೋರ್ಡ್ ಮತ್ತು ಎಸ್ಕೇಪ್

ಕನ್ನಡದಲ್ಲಿ ಬರೆಯುವ ವಿಮ್ ಬಳಕೆದಾರರೆಲ್ಲ ಈ ತೊಂದರೆ ಕಂಡಿರುತ್ತಾರೆ. ವಿಮ್‌ನಲ್ಲಿ ಟೈಪ್ ಮಾಡಲು ಇನ್ಸರ್ಟ್ ಮೋಡ್, ಕಮಾಂಡ್ ಕೊಡಲು ನಾರ್ಮಲ್ ಮೋಡ್. ಇನ್ಸರ್ಟ್ ಮೋಡ್‌ನಲ್ಲಿ ಕನ್ನಡ ಟೈಪ್ ಮಾಡಿ, ನಾರ್ಮಲ್ ಮೋಡ್‌ಗೆ ಬರಲು ಎಸ್ಕೇಪ್ ಒತ್ತುತ್ತೀರಿ. ಕೆಳಗಿಳಿಯಲು ಜೆ ಒತ್ತುತ್ತೀರಿ. ಕೀಬೋರ್ಡ್ ಇನ್ನೂ ಕನ್ನಡದಲ್ಲೇ ಇರುವುದರಿಂದ ವಿಮ್‌ಗೆ ತಲುಪುವುದು ಕನ್ನಡದ ಅಕ್ಷರ. ಕರ್ಸರ್ ಕದಲುವುದಿಲ್ಲ. ಪ್ರತಿ ಸಲ ಭಾಷೆ ಬದಲಾಯಿಸಿ, ಕಮಾಂಡ್ ಕೊಟ್ಟು, ಮತ್ತೆ ಭಾಷೆ ಬದಲಾಯಿಸಬೇಕು.

ವಿಎಸ್‌ಕೋಡ್‌ವಿಮ್‌ನಲ್ಲಿ ಇದಕ್ಕೆ 'ಆಟೋ ಸ್ವಿಚ್ ಇನ್‌ಪುಟ್ ಮೆಥಡ್' ಎಂಬ ಸೆಟ್ಟಿಂಗ್ ಇದೆ. ನಾನು ಇದನ್ನೇ ಆರಿಸಿಕೊಂಡದ್ದು ಅದಕ್ಕೇ. ಲಿನಕ್ಸ್‌ನಲ್ಲಿ ಕೀಬೋರ್ಡ್ ಭಾಷೆ ಬದಲಾಯಿಸುವ ಐಬಸ್ ಬಳಸುವವರು ಮೂರು ವಿಷಯ ತುಂಬಬೇಕು: ಈಗ ಯಾವ ಕೀಬೋರ್ಡ್ ಇದೆ ಎಂದು ಕೇಳುವ ಕಮಾಂಡ್, ಬದಲಾಯಿಸುವ ಕಮಾಂಡ್, ನಾರ್ಮಲ್ ಮೋಡ್‌ಗೆ ಬೇಕಾದ ಕೀಬೋರ್ಡ್‌ನ ಹೆಸರು. ಎರಡು ಕಮಾಂಡ್‌ಗಳೂ 'ಐಬಸ್ ಎಂಜಿನ್' ಎಂಬುದೇ, ಬದಲಾಯಿಸುವುದರ ಕೊನೆಯಲ್ಲಿ ಹೊಸ ಕೀಬೋರ್ಡ್‌ನ ಹೆಸರು ಸೇರುತ್ತದೆ ಅಷ್ಟೆ. ಈಗ ಎಸ್ಕೇಪ್ ಒತ್ತಿದ ಕೂಡಲೇ ಇಂಗ್ಲಿಷ್, ಮತ್ತೆ ಐ ಒತ್ತಿದರೆ ತಾನಾಗಿ ಕನ್ನಡ. ಹಳೆ ವಿಮ್‌ನಲ್ಲೂ ಆಟೋಕಮಾಂಡ್ (ತಾನಾಗಿ ಓಡುವ ಕಮಾಂಡ್) ಬರೆದು ಇದನ್ನು ಸಾಧಿಸಬಹುದು. ಸುಮ್ನೆ ಸೆಟ್ಟಿಂಗ್ ತುಂಬಿದರೆ ಆಗುವುದು ನನಗೆ ಹಿತವಾಯಿತು.

ಕಳೆ ಮೊದಲೋ, ಕಸಬರಿಗೆ ಮೊದಲೋ

ನಿಜವಾಗಿ ಮನಸ್ಸು ಗೆದ್ದದ್ದು ಡಿಬಗರ್, ಅಂದರೆ ಪ್ರೋಗ್ರಾಂ ನಡುವೆ ನಿಲ್ಲಿಸಿ ಒಳಗೆ ನೋಡುವ ಸಲಕರಣೆ. ಅಕಾರಾದಿ ಪಟ್ಟಿಯಲ್ಲಿ 'ಕಳೆ' ಪದ 'ಕಸಬರಿಗೆ'ಗಿಂತ ಮೊದಲು ಬರುತ್ತಿತ್ತು. ಕನ್ನಡ ನಿಘಂಟಿನಲ್ಲಿ ಳಕಾರ ಬರುವುದು ಹಕಾರ ಆದ ಮೇಲೆ, ಕೊನೆಯಲ್ಲಿ. ಪೈಥಾನ್ ಜೋಡಿಸುವುದು ಯೂನಿಕೋಡ್ ಸಂಖ್ಯೆಯ ಪ್ರಕಾರ. ಯೂನಿಕೋಡ್‌ನಲ್ಲಿ ಳ ಇರುವುದು ಲಕಾರದ ಪಕ್ಕದಲ್ಲೇ. ಭಾರತದ ಲಿಪಿಗಳಿಗೆಲ್ಲ ಒಂದೇ ಚೌಕಟ್ಟು ಹಾಕಿದ್ದ 1988ರ ಇಸ್ಕಿ ಸಂಕೇತಗಳನ್ನು ಯೂನಿಕೋಡ್ ಆಧಾರವಾಗಿ ತೆಗೆದುಕೊಂಡಿತು, ಆ ಕ್ರಮವೇ ಹಾಗೇ ಬಂತು.

ಕಾರಣ ಗೊತ್ತಿದ್ದರೂ ಎಲ್ಲೆಲ್ಲಿ ತಪ್ಪುತ್ತಿದೆ ಎಂದು ಕಣ್ಣಾರೆ ನೋಡಬೇಕಿತ್ತು. ಸಾಲಿನ ಎಡಕ್ಕೆ ರೈಟ್ ಕ್ಲಿಕ್ ಮಾಡಿ ಕಂಡೀಶನಲ್ ಬ್ರೇಕ್‌ಪಾಯಿಂಟ್ ಇಟ್ಟೆ: ಪದ 'ಕಳ' ಎಂದು ಶುರುವಾದರೆ ಮಾತ್ರ ನಿಲ್ಲು. ಷರತ್ತಿನಲ್ಲಿ ನೇರವಾಗಿ ಕನ್ನಡ ಬರೆಯಬಹುದು. ಎಫ್5 ಒತ್ತಿದೆ. ಪ್ರೋಗ್ರಾಂ ನಿಂತಿತು. ಎಡಗಡೆಯ ವೇರಿಯಬಲ್ ಪಟ್ಟಿಯಲ್ಲಿ ಪದ ಬಿಡಿಸಿಕೊಂಡು ಕೂತಿತ್ತು: ಕ, ಅದರ ಕೆಳಗೆ ಳ, ಅದರ ಕೆಳಗೆ ಎತ್ವದ ಚಿಹ್ನೆ ಚುಕ್ಕಿಗಳ ಸುತ್ತಿನೊಂದಿಗೆ ಒಂಟಿಯಾಗಿ. ಪಕ್ಕದಲ್ಲಿ ಒಂದೊಂದರ ಸಂಖ್ಯೆ. ಟರ್ಮಿನಲ್‌ನಲ್ಲಿ ಓಡುವ ಪೈಥಾನ್ ಡಿಬಗರ್ ಪಿಡಿಬಿಯಲ್ಲಿ ಇದನ್ನು ಒಂದೊಂದಾಗಿ ಕೇಳಿ ಕೇಳಿ ತೆಗೆಯಬೇಕಿತ್ತು, ಬಂದದ್ದೂ ಓದುವ ಹಾಗೆ ಇರುತ್ತಿರಲಿಲ್ಲ.

ಪರಿಹಾರ ಚಿಕ್ಕದು. ಯೂನಿಕೋಡ್‌ನಲ್ಲಿ ಹಕಾರದ ನಂತರ ಎರಡು ಸಂಖ್ಯೆ ಖಾಲಿ ಇವೆ. ಜೋಡಿಸುವ ಹೊತ್ತಿಗೆ ಮಾತ್ರ ಳಕಾರಕ್ಕೆ ಅದರಲ್ಲಿ ಮೊದಲನೆಯದನ್ನು ಕೊಡುತ್ತೇನೆ. ಫೈಲ್‌ನಲ್ಲಿರುವ ಪಠ್ಯ ಮುಟ್ಟುವುದಿಲ್ಲ. ಈಗ ಕಸಬರಿಗೆ ಮೊದಲು, ಕಳೆ ಆಮೇಲೆ.

ಒಂದು ಎಚ್ಚರಿಕೆ: ವಿಎಸ್ ಕೋಡ್ ಒಳಗಿನ ಟರ್ಮಿನಲ್ ಕೂಡ ಟರ್ಮಿನಲ್ಲೇ. ಅಲ್ಲಿ ಕನ್ನಡ ಪ್ರಿಂಟ್ ಮಾಡಿದರೆ ಹಳೆ ಕಥೆಯೇ. ಡಿಬಗರ್‌ನ ಸೆಟ್ಟಿಂಗ್ ಇರುವ ಲಾಂಚ್ ಫೈಲ್‌ನಲ್ಲಿ ಕನ್ಸೋಲ್ ಎಂಬಲ್ಲಿ 'ಇಂಟರ್ನಲ್ ಕನ್ಸೋಲ್' ಎಂದು ಹಾಕಿದರೆ ಔಟ್‌ಪುಟ್ ಡಿಬಗ್ ಕನ್ಸೋಲ್‌ಗೆ ಹೋಗುತ್ತದೆ. ಅಲ್ಲಿ ಒತ್ತಕ್ಷರ ಸರಿಯಾಗಿ ಕಾಣುತ್ತವೆ.

ಕಾಣದ ಅಕ್ಷರ

ಹಳೆ ಫಾಂಟ್‌ಗಳಿಂದ ಯೂನಿಕೋಡ್‌ಗೆ ಬದಲಾಯಿಸಿದ ಫೈಲ್‌ಗಳಲ್ಲಿ 'ಟ್ರ್ಯಾಕ್ಟರ್' ಎಂಬ ಪದ ಎರಡು ಸಲ ಬರುತ್ತಿತ್ತು. ನೋಡಲು ಎರಡೂ ಒಂದೇ. ಒಂದರ ಕೊನೆಯಲ್ಲಿ ಒತ್ತಕ್ಷರ ಆಗದಂತೆ ತಡೆಯುವ ಶೂನ್ಯ ಅಗಲದ ಅಕ್ಷರ ಅಂಟಿಕೊಂಡಿತ್ತು. ವಿಎಸ್ ಕೋಡ್ ಇಂಥ ಕಾಣದ ಅಕ್ಷರಗಳ ಸುತ್ತ ತಾನಾಗೇ ಚೌಕ ಹಾಕುತ್ತದೆ. 'ಪಂಪ್‌ಸೆಟ್' ಥರದ ಪದಗಳ ನಡುವೆ ಆ ಅಕ್ಷರ ಇರಲೇಬೇಕು, ಅಲ್ಲೂ ಚೌಕ ಬರುತ್ತದೆ. ಹಾಗಾಗಿ ಪದಗಳ ಫೈಲ್ ತಿದ್ದುವಾಗ ಮಾತ್ರ ಇದನ್ನು ಆನ್ ಇಟ್ಟುಕೊಂಡಿದ್ದೇನೆ. ಪದದ ಕೊನೆಯಲ್ಲಿ ಸಿಕ್ಕರೆ ಈಗ ಪ್ರೋಗ್ರಾಂ ತೆಗೆದುಹಾಕುತ್ತದೆ.

ಬಾಕಿ

ಸರ್ವರ್‌ನಲ್ಲಿ ಒಂದು ಸಾಲು ತಿದ್ದಬೇಕಾದರೆ ಈಗಲೂ ವಿಮ್‌ಗೇ ಹೋಗುತ್ತೇನೆ. ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್ ಕೆಲಸವೂ ಟರ್ಮಿನಲ್‌ನಲ್ಲೇ. ಉದ್ದ ಫೈಲ್‌ನಲ್ಲಿ ಮ್ಯಾಕ್ರೊ (ಒಮ್ಮೆ ಒತ್ತಿದ ಕೀಗಳ ಸಾಲನ್ನು ಮತ್ತೆ ಮತ್ತೆ ಓಡಿಸುವುದು) ಓಡಿಸಿದಾಗ ವಿಎಸ್‌ಕೋಡ್‌ವಿಮ್ ತಡವರಿಸುತ್ತದೆ, ಅದಕ್ಕೆ ಫೈಲನ್ನು ವಿಮ್‌ನಲ್ಲಿ ತೆರೆದು ಮುಗಿಸಿ ಬರುತ್ತೇನೆ. ಜಿ, ಎ ಒತ್ತಿ ಮೂಲಾಕ್ಷರ, ಗುಣಿತ ಎರಡರ ಸಂಖ್ಯೆಯನ್ನೂ ಒಟ್ಟಿಗೆ ನೋಡುವ ಸುಖ ಇಲ್ಲಿ ಸಿಗುತ್ತಿಲ್ಲ. ಪೈಥಾನ್‌ನ ಯೂನಿಕೋಡ್‌ಡೇಟಾ ಬಳಸಿ ಅದಕ್ಕೊಂದು ಪುಟ್ಟ ಎಕ್ಸ್‌ಟೆನ್ಶನ್ ಬರೆಯಲು ಶುರು ಮಾಡಿದ್ದೇನೆ: ಆರಿಸಿದ ಅಕ್ಷರವನ್ನು ಬಿಡಿಸಿ ಕೆಳಗಿನ ಪಟ್ಟಿಯಲ್ಲಿ ತೋರಿಸಬೇಕು. ಮುಂದಿನ ಸಲ ಅದರ ಕೋಡ್ ಹಾಕುತ್ತೇನೆ. ಜೊತೆಗೆ ಮೀನಿನ ಅಡುಗೆಯ ಪದಗಳು ಸೇರಬೇಕು, ಅವುಗಳಲ್ಲಿ ಳಕಾರ ಜಾಸ್ತಿ ಇವೆ.