ಹೂವಿನ ರಸ ಯಾರ ಕಣ್ಣಿಗೆ?

ಧಾರವಾಡದ ಕಾಲೇಜಿನಲ್ಲಿ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಬಂತೆಂದರೆ ನಾಟಕ ಇರಲೇಬೇಕು ಅನ್ನುವ ಕಾಲ ನಮ್ಮದು. ಶೇಕ್ಸ್‌ಪಿಯರನ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ಮುಂಜಾನೆ ಬಿ.ಎ. ಪಠ್ಯ, ಸಂಜೆ ತಾಲೀಮು. ಸಂಚಿಕೆಗೆ ನೆನಪು ಬರೆದುಕೊಡಿ ಎಂದಾಗ, ಆ ನಾಟಕವನ್ನು ನಮ್ಮ ಸರ್ ಹೇಗೆ ಬಿಚ್ಚಿ ಜೋಡಿಸುತ್ತಿದ್ದರು ಎಂಬುದನ್ನೇ ಬರೆದರೆ ಈಗಿನ ಹುಡುಗರಿಗೆ ಕೆಲಸಕ್ಕೆ ಬಂದೀತು ಅನ್ನಿಸಿತು.

ಸರ್ ಮೊದಲು ಬೋರ್ಡಿನ ಮೇಲೆ ನಾಲ್ಕು ಹೆಸರು ಬರೆದು, ಯಾರಿಗೆ ಯಾರ ಮೇಲೆ ಪ್ರೀತಿ ಎಂದು ಬಾಣ ಹಾಕುತ್ತಿದ್ದರು. ಆರಂಭದಲ್ಲಿ ಲೈಸ್ಯಾಂಡರ್, ಡಿಮೆಟ್ರಿಯಸ್ ಇಬ್ಬರ ಬಾಣವೂ ಹರ್ಮಿಯಾಳ ಕಡೆಗೆ. ಹೆಲೆನಾಳ ಕಡೆಗೆ ಒಂದೂ ಇಲ್ಲ. 2ನೆಯ ಅಂಕ ಮುಗಿಯುವಾಗ ಲೈಸ್ಯಾಂಡರನ ಬಾಣ ಹೆಲೆನಾಳತ್ತ ಹೊರಳಿ, ನಾಲ್ವರೂ ಒಬ್ಬರ ಬೆನ್ನು ಒಬ್ಬರು ಹತ್ತಿದ ಪೂರ್ತಿ ವರ್ತುಲವಾಗುತ್ತದೆ. 3ನೆಯ ಅಂಕದಲ್ಲಿ ಇಬ್ಬರು ಗಂಡಸರೂ ಹೆಲೆನಾಳ ಹಿಂದೆ. ಈಗ ಹರ್ಮಿಯಾಳನ್ನು ಕೇಳುವವರಿಲ್ಲ. ಆಮೇಲೆ ಎರಡು ಜೋಡಿ. ಬೋರ್ಡು ಒರೆಸುವ ಮೊದಲು ಒಂದು ಮಾತು ಹೇಳುತ್ತಿದ್ದರು: “ಹುಡುಗೀರ ಬಾಣ ಒಮ್ಮೆರೆ ತಿರುಗೇತೇನು ನೋಡ್ರಿ.” ತಿರುಗುವುದಿಲ್ಲ. ಮಲಗಿದವರ ಕಣ್ಣಿಗೆ ಹಚ್ಚಿದರೆ, ಎದ್ದಾಗ ಮೊದಲು ಕಂಡವರ ಮೇಲೆ ಮೋಹ ಹುಟ್ಟಿಸುವ ಹೂವಿನ ರಸ ಬೀಳುವುದು ಇಬ್ಬರು ಗಂಡಸರ ಕಣ್ಣಿಗೆ ಮತ್ತು ಯಕ್ಷಿಣಿಯರ ರಾಣಿ ಟೈಟಾನಿಯಾಳ ಕಣ್ಣಿಗೆ ಮಾತ್ರ.

ಹೂವು ಗಂಡ ಹೆಂಡಿರ ನಡುವೆ ಬರುವುದು ನಮ್ಮ ಸೀಮೆಗೆ ಹೊಸದಲ್ಲ. ಪಾರಿಜಾತದ ಆಟದಲ್ಲಿ ಸತ್ಯಭಾಮೆ ಮುನಿಸಿಕೊಳ್ಳುವುದೂ ಒಂದು ಹೂವಿಗಾಗಿಯೇ. ಅಲ್ಲಿ ಹೂವೇ ಜಗಳದ ಕಾರಣ. ಇಲ್ಲಿ ಜಗಳ ಮೊದಲೇ ಇದೆ. ತೀರಿಹೋದ ಗೆಳತಿಯ ಮಗನನ್ನು, ಭಾರತದಿಂದ ಬಂದ ಒಬ್ಬ ಹುಡುಗನನ್ನು, ಟೈಟಾನಿಯಾ ಸಾಕಿಕೊಂಡಿದ್ದಾಳೆ. ಅವನು ತನಗೆ ಬೇಕೆಂದು ಅವಳ ಗಂಡ ಓಬೆರಾನ್ ಹಟ ಹಿಡಿದಿದ್ದಾನೆ. ಅವರಿಬ್ಬರ ಮುನಿಸಿನಿಂದ ಹೊಳೆ ಉಕ್ಕಿ, ಪೈರು ಕೊಳೆತು, ಋತುಗಳೇ ಅದಲುಬದಲಾಗಿವೆ ಎಂದು ಟೈಟಾನಿಯಾ ಉದ್ದಕ್ಕೆ ಹೇಳುತ್ತಾಳೆ. ಈ ಮಾತನ್ನು ಮೊಟಕು ಮಾಡಿದರೆ ಮುಂದಿನದೆಲ್ಲ ಹುಡುಗಾಟವಾಗಿಬಿಡುತ್ತದೆ. ಜಗಳದ ತೂಕ ಇರುವುದು ಇಲ್ಲೇ.

ಇನ್ನು ನಾಟಕದ ಕೀಲಿ. ಕಾಡಿನಲ್ಲಿ ಹೆಲೆನಾಳನ್ನು ತಿರಸ್ಕರಿಸುತ್ತಿರುವ ಡಿಮೆಟ್ರಿಯಸನ ಕಣ್ಣಿಗೆ ರಸ ಹಚ್ಚು ಎಂದು ಓಬೆರಾನ್ ತನ್ನ ಸೇವಕ ಪಕ್‌ಗೆ ಹೇಳುತ್ತಾನೆ. ಕೊಡುವ ಗುರುತು ಒಂದೇ: ಅವನು ಅಥೆನ್ಸಿನ ಉಡುಪಿನಲ್ಲಿದ್ದಾನೆ. ಪಕ್ ಬಂದು ನೋಡುತ್ತಾನೆ, ಅಥೆನ್ಸಿನ ಉಡುಪಿನವನೊಬ್ಬ ಮಲಗಿದ್ದಾನೆ, ಹುಡುಗಿ ಅವನಿಂದ ದೂರ ಮಲಗಿದ್ದಾಳೆ. ಪ್ರೀತಿ ಇಲ್ಲದವನ ಹತ್ತಿರ ಪಾಪ ಹೇಗೆ ಮಲಗಿಯಾಳು ಎಂದುಕೊಂಡು ರಸ ಹಚ್ಚುತ್ತಾನೆ. ಆದರೆ ಮಲಗಿದ್ದವನು ಲೈಸ್ಯಾಂಡರ್; ಆ ದೂರ ಬಂದದ್ದು ಹರ್ಮಿಯಾಳ ಮರ್ಯಾದೆಯಿಂದ. ಮದುವೆಗೆ ಮುಂಚೆ ಹತ್ತಿರ ಬೇಡ, ಇನ್ನೂ ಸ್ವಲ್ಪ ಆಚೆ ಮಲಗು ಎಂದು ಅವಳೇ ಹೇಳಿರುತ್ತಾಳೆ. ಇಡೀ ಗೊಂದಲಕ್ಕೆ ಕಾರಣ ಆ ಸಜ್ಜನಿಕೆ.

ಆದ್ದರಿಂದ ರಂಗದ ಮೇಲೆ ಇಬ್ಬರ ನಡುವೆ ಎಂಟು-ಹತ್ತು ಅಡಿ ಜಾಗ ಬೇಕೇ ಬೇಕು. ಮೂರಡಿ ಬಿಟ್ಟು ಮಲಗಿಸಿದರೆ ಮುಂದಿನ ಸಾಲಿನವರು “ಇವಗ ಕಣ್ಣಿಲ್ಲೇನ?” ಅನ್ನುತ್ತಾರೆ. ಲೈಸ್ಯಾಂಡರ್ ವಿಂಗಿನ ಹತ್ತಿರ ಇರಬೇಕು, ಯಾಕೆಂದರೆ ಡಿಮೆಟ್ರಿಯಸನ ಬೆನ್ನು ಹತ್ತಿ ಓಡಿಬರುವ ಹೆಲೆನಾ ಅವನನ್ನೇ ಮೊದಲು ಎಡವಿ ಎಬ್ಬಿಸಬೇಕು. ಹರ್ಮಿಯಾ ಹಿಂಬದಿಯಲ್ಲಿ, ಮುಖ ಆಚೆ ಮಾಡಿ ಮಲಗಿದರೆ ಹೆಲೆನಾಳ ಕಣ್ಣಿಗೆ ಬೀಳದಿರುವುದು ಸಹಜವಾಗುತ್ತದೆ.

ಉಡುಪಿನಲ್ಲೂ ಇದೇ ಲೆಕ್ಕ. ಪ್ರೇಕ್ಷಕರಿಗೆ ಗುರುತು ಸಿಗಲಿ ಎಂದು ಒಬ್ಬನಿಗೆ ಕೆಂಪು, ಇನ್ನೊಬ್ಬನಿಗೆ ನೀಲಿ ಅಂಗಿ ಹೊಲಿಸುವುದು ಎಲ್ಲ ಕಾಲೇಜಿನವರೂ ಮಾಡುವ ತಪ್ಪು. ಬಟ್ಟೆ, ಹೊಲಿಗೆ ಒಂದೇ ಇರಲಿ. ಸೊಂಟಪಟ್ಟಿಯ ಬಣ್ಣ ಬೇರೆ ಮಾಡಿದರೆ ನೋಡುವವರಿಗೆ ಸಾಕು.

3ನೆಯ ಅಂಕದ 2ನೆಯ ದೃಶ್ಯ ನಾಟಕದ ದೊಡ್ಡ ಜಗಳ. ಹೆಲೆನಾ ಎತ್ತರ, ಹರ್ಮಿಯಾ ಗಿಡ್ಡ ಎಂಬುದು ಇಲ್ಲಿಯ ಬೈಗುಳದ ಬಂಡವಾಳ. ಪಾತ್ರ ಹಂಚುವಾಗ ಇಬ್ಬರ ನಡುವೆ ಅರ್ಧ ಅಡಿಯಾದರೂ ವ್ಯತ್ಯಾಸ ಇರದಿದ್ದರೆ ಅರ್ಧ ನಗೆ ಅಲ್ಲಿಯೇ ಹೋಯಿತು. ಕೆಡುವುದು ಎಲ್ಲಿ ಅಂದರೆ, ನಾಲ್ವರೂ ಒಟ್ಟಿಗೆ ಒದರತೊಡಗುತ್ತಾರೆ, ಒಂದು ಮಾತೂ ಕೇಳಿಸುವುದಿಲ್ಲ. ಒಬ್ಬರು ಮಾತಾಡುವಾಗ ಉಳಿದ ಮೂವರು ಕಾಲು ಕದಲಿಸಬಾರದು ಎಂಬುದು ಸರ್ ಹಾಕಿದ ಕಟ್ಟಳೆ. ಹೆಲೆನಾ ನಗಿಸಲಿಕ್ಕೆ ಹೋಗಲೇಬಾರದು. ಮೂವರೂ ಕೂಡಿ ತನ್ನನ್ನು ಅಣಕಿಸುತ್ತಿದ್ದಾರೆ ಎಂದು ಅವಳು ನಿಜಕ್ಕೂ ನಂಬಿ ಅತ್ತರೆ ಮಾತ್ರ ಸಭೆ ನಗುತ್ತದೆ.

ಅದರ ಬೆನ್ನಿಗೆ ಮಂಜಿನಲ್ಲಿ ಪಕ್ ಇಬ್ಬರ ಧ್ವನಿಯನ್ನೂ ಅನುಕರಿಸಿ ಗಂಡಸರನ್ನು ಅಲೆದಾಡಿಸುವ ಭಾಗ. ಇಲ್ಲಿ ಲೈಟು ಆರಿಸಬೇಡಿ. ಕತ್ತಲು ನಟರ ಮೈಯಲ್ಲಿರಬೇಕು, ಸಭಾಂಗಣದಲ್ಲಲ್ಲ. ಒಂದು ಗೇಣು ಅಂತರದಲ್ಲಿ ಹಾದುಹೋದರೂ ಒಬ್ಬರಿಗೊಬ್ಬರು ಕಾಣದ ಆ ತಮಾಷೆ ಬೆಳಕಿದ್ದರೇ ಕಾಣುವುದು.

ತರಗತಿಯಲ್ಲಿ ಮುಗಿಯದ ಜಗಳ ಒಂದಿತ್ತು. ಕೊನೆಗೆ ಲೈಸ್ಯಾಂಡರನ ಕಣ್ಣಿಗೆ ಮದ್ದು ಹಚ್ಚಿ ರಸ ಇಳಿಸುತ್ತಾರೆ, ಟೈಟಾನಿಯಾಳಿಗೂ ಇಳಿಸುತ್ತಾರೆ. ಡಿಮೆಟ್ರಿಯಸನಿಗೆ ಯಾರೂ ಇಳಿಸುವುದಿಲ್ಲ. ಅವನು ರಸದ ಅಮಲಿನಲ್ಲೇ ಮದುವೆಯಾಗುತ್ತಾನೆ! ಮೊದಲು ಅವನು ಹೆಲೆನಾಳನ್ನೇ ಒಲಿಸಿಕೊಂಡಿದ್ದವನು, ರಸ ಅವನನ್ನು ಮನೆಗೆ ಮರಳಿಸಿತು ಅಷ್ಟೇ ಎಂದು ವಾದಿಸುವವರಿದ್ದರು. ನನಗೆ ಇವತ್ತಿಗೂ ಆ ಸಮಾಧಾನ ಸಾಲದು.

ಪಂಚಾಂಗ ಬಲ್ಲವರಿಗೆ ಇನ್ನೊಂದು ಮೋಜು. ಅಮಾವಾಸ್ಯೆ ಕಳೆದು ಹೊಸ ಚಂದ್ರ ಕಾಣಲು ನಾಲ್ಕು ದಿನ ಇದೆ ಎಂದು ನಾಟಕ ಶುರುವಾಗುತ್ತದೆ. ಅಂದಮೇಲೆ ಕಾಡಿನ ರಾತ್ರಿ ಕೃಷ್ಣಪಕ್ಷದ ಕೊನೆ; ಚಂದ್ರ ಹುಟ್ಟುವುದೇ ಬೆಳಗಿನ ಜಾವಕ್ಕೆ. ಆದರೂ ಇಡೀ ಕಾಡು ಬೆಳದಿಂಗಳಲ್ಲಿ ಮಿಂದಿರುತ್ತದೆ. ಶೇಕ್ಸ್‌ಪಿಯರನಿಗೆ ತಿಥಿಯ ಹಂಗಿಲ್ಲ. ಲೈಟಿನವರು ನೀಲಿ ಕಾಗದ ಹಾಕಿ ಸುಮ್ಮನಿರಬಹುದು.

ಕತ್ತೆಯ ತಲೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ರಾಜನ ಮದುವೆಗೆ ನಾಟಕ ಆಡಲೆಂದು ಕಾಡಿನಲ್ಲಿ ತಾಲೀಮು ಮಾಡುವ ಕುಶಲಕರ್ಮಿಗಳಲ್ಲಿ ಒಬ್ಬ ನೇಕಾರ ಬಾಟಮ್; ಪಕ್ ಅವನಿಗೆ ಕತ್ತೆಯ ತಲೆ ಬರಿಸುತ್ತಾನೆ. ಅವನು ಒಳಗೆ ಹೋಗಿ ಕತ್ತೆಯಾಗಿ ಮರಳುವ ನಡುವೆ ಇರುವುದು ಸುಮಾರು ಹತ್ತು ಸಾಲು ಮಾತು, ಒಂದು ನಿಮಿಷವೂ ಇಲ್ಲ. ಪೂರ್ತಿ ತಲೆ ಮುಚ್ಚುವ ಮುಖವಾಡ ನೋಡಲು ಚೆಂದ, ಆದರೆ ಮಾತು ಒಳಗೇ ಗುಂಯ್‌ಗುಟ್ಟುತ್ತದೆ. ಬಾಟಮ್ ಆಮೇಲೆ ಮಾತಾಡುವುದೂ ಇದೆ, ಹಾಡುವುದೂ ಇದೆ. ಬಿದಿರಿನ ಸೀಳಿನಲ್ಲಿ ಹಣೆಯಿಂದ ಮೂಗಿನವರೆಗೆ ಮಾತ್ರ ಚೌಕಟ್ಟು ಕಟ್ಟಿ, ರದ್ದಿ ಪೇಪರಿನ ಪಟ್ಟಿಗಳನ್ನು ಮೈದಾ ಅಂಟಿನಲ್ಲಿ ಅದ್ದಿ ಐದಾರು ಪದರ ಅಂಟಿಸಿ. ಒಂದು ಪದರ ಒಣಗಿದ ಮೇಲೇ ಇನ್ನೊಂದು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಈ ಕೆಲಸಕ್ಕೆ ಕೈಹಾಕಿದರೆ ಒಳಪದರಕ್ಕೆ ಬೂಷ್ಟು ಹಿಡಿದು ನಾರುತ್ತದೆ. ಕಿವಿಗೆ ಗೋಣಿತಟ್ಟು ಹಗುರ. ಬಾಯಿ, ಗದ್ದ ತೆರೆದೇ ಇರಲಿ. ಗದ್ದದ ಕೆಳಗೆ ಅಗಲವಾದ ಇಲಾಸ್ಟಿಕ್ ಬೇಕು, ಯಾಕೆಂದರೆ 4ನೆಯ ಅಂಕದಲ್ಲಿ ಅವನು ತಲೆ ಕೆರೆಸಿಕೊಳ್ಳುತ್ತಾನೆ.

ಓಬೆರಾನ್ ಮತ್ತು ಅಥೆನ್ಸಿನ ರಾಜ ಥೀಸಿಯಸ್, ಟೈಟಾನಿಯಾ ಮತ್ತು ಥೀಸಿಯಸನ ವಧು ಹಿಪಾಲಿಟಾ ಪಾತ್ರಗಳನ್ನು ಒಬ್ಬೊಬ್ಬರಿಂದಲೇ ಮಾಡಿಸುವ ಆಸೆ ಎಲ್ಲರಿಗೂ. 1970ರಲ್ಲಿ ಇಂಗ್ಲೆಂಡಿನ ನಿರ್ದೇಶಕ ಪೀಟರ್ ಬ್ರೂಕ್ ಹಾಗೆ ಮಾಡಿ ಹೆಸರಾದರು. ತೊಡಕು 4ನೆಯ ಅಂಕದಲ್ಲಿದೆ: ಒಂದು ಜೋಡಿ ಹೊರಗೆ ಕಾಲಿಡುತ್ತಲೇ ಕೊಂಬು ಊದಿ ಇನ್ನೊಂದು ಜೋಡಿ ಒಳಗೆ ಬರಬೇಕು. ಮೇಲೊಂದು ನಿಲುವಂಗಿ ಹಾಕಿ ತೆಗೆಯುವಂತಿದ್ದರೆ ಮಾತ್ರ ಸಾಧ್ಯ. ಗುಂಡಿ, ಲಾಡಿ ಇದ್ದರೆ ಆಗದ ಮಾತು.

ನಮ್ಮ ಊರಿಗೆ ಶೇಕ್ಸ್‌ಪಿಯರನ ನಗೆನಾಟಕದ ನಂಟು ಹಳೆಯದು. ‘ಕಾಮೆಡಿ ಆಫ್ ಎರರ್ಸ್’ ಕಥೆಯನ್ನು ಡೆಪ್ಯುಟಿ ಚನ್ನಬಸಪ್ಪನವರು ‘ನಗದವರನ್ನು ನಗಿಸುವ ಕಥೆ’ ಎಂದು 1871ರಷ್ಟು ಹಿಂದೆಯೇ ಕನ್ನಡಕ್ಕೆ ತಂದರು. ಈ ‘ಡ್ರೀಮ್’ ಅನ್ನು ಹಳೆ ಮೈಸೂರಿನ ಎಂ.ಎಲ್. ಶ್ರೀಕಂಠೇಶಗೌಡರು ‘ಪ್ರಮೀಳಾರ್ಜುನೀಯ’ವಾಗಿಸಿದರು. ಅವರು ಕಥೆಯನ್ನೇ ಇಲ್ಲಿಗೆ ತಂದರು. ನಮ್ಮ ಸರ್ ಅಥೆನ್ಸನ್ನು ಅಥೆನ್ಸಿನಲ್ಲೇ ಬಿಟ್ಟು, ಕುಶಲಕರ್ಮಿಗಳ ಬಾಯಿಗೆ ಮಾತ್ರ ನಮ್ಮ ಭಾಷೆ ಕೊಟ್ಟರು. ಅವರ ಮುಂದಾಳು ಬಡಿಗ ಕ್ವಿನ್ಸ್, ರಾಜನೆದುರು ಪ್ರಸ್ತಾವನೆ ಓದುವಾಗ ನಿಲ್ಲಬಾರದ ಕಡೆ ನಿಲ್ಲುತ್ತಾನಲ್ಲ, ಅದನ್ನು ಹೀಗೆ ಮಾಡಿದ್ದರು: “ನಿಮಗ ಬ್ಯಾಸರಾ ಮಾಡ್ಲಿಕ್ಕೆ ಬಂದೇವಿ. ಅಂದ್ಕೋಬ್ಯಾಡ್ರಿ ಛಲೋ ನಾಟಕಾ ಮಾಡತೇವಿ.” ನಿಲುಗಡೆಯನ್ನು ಒಂದು ಶಬ್ದ ಮುಂದೆ ಸರಿಸಿ ಓದಿದರೆ ಅವನು ಹೇಳಬೇಕೆಂದಿದ್ದು ಸಿಗುತ್ತದೆ.

ಈ ಆರು ಜನ ಕೆಟ್ಟ ನಟರು, ಆದರೆ ಅದು ಅವರಿಗೆ ಗೊತ್ತಿಲ್ಲ. ಗೊತ್ತಿದ್ದವರಂತೆ ಕಣ್ಣು ಮಿಟುಕಿಸಿದರೆ ಕೆಟ್ಟಿತು. ಅವರ ನಾಟಕದಲ್ಲಿ ಗೋಡೆಯ ಪಾತ್ರದವನು ಬೆರಳು ಅಗಲಿಸಿ ಬಿರುಕು ತೋರಿಸುವಾಗ ಕೈ ನಡುಗುವಷ್ಟು ಶ್ರದ್ಧೆ ಇರಬೇಕು.

ಗ್ಯಾದರಿಂಗಿನಲ್ಲಿ ಒಂದೂವರೆ ತಾಸಿನ ಮೇಲೆ ಸಮಯ ಸಿಗುವುದಿಲ್ಲ, ಪೂರ್ತಿ ನಾಟಕಕ್ಕೆ ಎರಡೂವರೆ ಬೇಕು. ಥೀಸಿಯಸನ ಬೇಟೆನಾಯಿಗಳ ವರ್ಣನೆ, ಯಕ್ಷಿಣಿಯರ ಹಾಡಿನ ಎರಡನೆಯ ನುಡಿ, ರಾಜನ ಮನರಂಜನೆಗೆ ಬಂದ ಬೇರೆ ಆಟಗಳ ಪಟ್ಟಿ, ಇವನ್ನು ಧೈರ್ಯವಾಗಿ ಕತ್ತರಿಸಿ. ಕುಶಲಕರ್ಮಿಗಳ ಮೊದಲ ತಾಲೀಮನ್ನು ಮುಟ್ಟಬೇಡಿ. ಅದು ಹೋದರೆ ಕೊನೆಯ ಅಂಕದಲ್ಲಿ ಅವರು ಯಾರೆಂದೇ ಸಭೆಗೆ ತಿಳಿಯುವುದಿಲ್ಲ.