ನಿನೆವೆಯ ಬೂದಿ, ಯೋನನ ಸಿಟ್ಟು

ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ ಕಡ್ಡಾಯದ ಹಬ್ಬವಲ್ಲ. ಅವತ್ತು ಪೂಜೆಗೆ ಬರಲೇಬೇಕು ಅಂತ ಧರ್ಮಸಭೆ ಹೇಳಿಲ್ಲ. ಆದರೂ ನಮ್ಮ ಚರ್ಚುಗಳಲ್ಲಿ ಅವತ್ತು ಕಾಲಿಡೋಕೆ ಜಾಗ ಇರುವುದಿಲ್ಲ. ಕೆಲಸಕ್ಕೆ ಹೋಗುವವರು ಬೆಳಗ್ಗೆಯೇ ಬಂದು ಹಣೆಗೆ ಬೂದಿ ಹಚ್ಚಿಸಿಕೊಂಡು ಹೋಗುತ್ತಾರೆ. ಹೋದ ವರ್ಷ ಗರಿಗಳ ಹಬ್ಬದಲ್ಲಿ ಮನೆಗೆ ತಂದು ಯೇಸುವಿನ ಪಟದ ಹಿಂದೆ ಸಿಕ್ಕಿಸಿದ್ದ ಗರಿಗಳೇ ಒಣಗಿ, ವಾಪಸ್ ಚರ್ಚಿಗೆ ಬಂದು, ಸುಟ್ಟು ಈ ಬೂದಿಯಾಗಿರುತ್ತವೆ. "ನೀನು ಮಣ್ಣು, ಮರಳಿ ಮಣ್ಣಿಗೇ ಸೇರುತ್ತೀ" ಎಂದು ಸ್ವಾಮಿಗಳು ಹೇಳುತ್ತಾರೆ. ಆದಿಕಾಂಡದಲ್ಲಿ ತಪ್ಪು ಮಾಡಿದ ಆದಾಮನಿಗೆ ದೇವರು ಹೇಳಿದ ಮಾತು ಅದು. ಅಂದರೆ ತೀರ್ಪಿನ ಮಾತು. ಅದನ್ನು ಕೇಳಿಸಿಕೊಳ್ಳೋಕೆ ಇಷ್ಟು ಜನ ಸಾಲುಗಟ್ಟಿ ನಿಲ್ಲುತ್ತಾರಲ್ಲ, ನನಗೆ ಪ್ರತಿ ವರ್ಷವೂ ಸೋಜಿಗ.

ಸಾಲಿನಲ್ಲಿ ನಿಂತವರಿಗೆ ಭಯಕ್ಕಿಂತ ಜಾಸ್ತಿ ಭರವಸೆ ಇರುತ್ತದೆ ಅಂತ ನನಗೆ ಅನ್ನಿಸುತ್ತದೆ. ಯಾಕೆಂದರೆ ಅವತ್ತಿನ ಮೊದಲ ವಾಚನದಲ್ಲೇ ಯೋವೇಲ ಪ್ರವಾದಿ ಗುಟ್ಟು ಬಿಟ್ಟುಕೊಟ್ಟಿರುತ್ತಾನೆ. ಬಟ್ಟೆ ಹರಿದುಕೊಳ್ಳಬೇಡಿ, ಹೃದಯ ಹರಿದುಕೊಳ್ಳಿ, ದೇವರ ಕಡೆಗೆ ತಿರುಗಿಕೊಳ್ಳಿ, ಅವರು ಕರುಣಾಳು, ದಯಾವಂತರು, ಬೇಗ ಸಿಟ್ಟಾಗುವವರಲ್ಲ, ಪ್ರೀತಿ ತುಂಬಿದವರು ಅನ್ನುತ್ತಾನೆ. ಈ ಮಾತು ಯೋವೇಲನ ಸ್ವಂತದ್ದಲ್ಲ. ಇಸ್ರಯೇಲರು ಬಂಗಾರದ ಕರುವನ್ನು ಪೂಜಿಸಿ ಕೆಟ್ಟ ಮೇಲೆ, ಸಿನಾಯ್ ಬೆಟ್ಟದ ಮೇಲೆ ದೇವರು ತಾವೇ ಮೋಶೆಗೆ ಹೀಗೆ ತಮ್ಮ ಪರಿಚಯ ಹೇಳಿಕೊಂಡರು. ಬೈಬಲ್ಲಿನಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಕೀರ್ತನೆಗಳಲ್ಲಿ ಸ್ತುತಿಯಾಗಿ ಬರುತ್ತದೆ. ಒಂದೇ ಒಂದು ಕಡೆ ಮಾತ್ರ ದೂರಾಗಿ ಬರುತ್ತದೆ. ದೇವರ ಮುಖಕ್ಕೆ ಎಸೆದ ಹಾಗೆ. ಹಾಗೆ ಎಸೆದವನು ಪ್ರವಾದಿ ಯೋನ.

ಯೋನ ಅಂದ ಕೂಡಲೇ ಎಲ್ಲರಿಗೂ ಅವನನ್ನು ನುಂಗಿದ ದೊಡ್ಡ ಮೀನು ನೆನಪಾಗುತ್ತದೆ. ಜ್ಞಾನೋಪದೇಶದ ತರಗತಿಯಲ್ಲಿ ಮಕ್ಕಳು ಬಿಡಿಸುವುದೂ ಮೀನನ್ನೇ. ಆದರೆ ಕಥೆಯ ನಿಜವಾದ ಕಷ್ಟ ಇರುವುದು ಮೀನಿನ ಹೊಟ್ಟೆಯಲ್ಲಲ್ಲ, ನಿನೆವೆಯಲ್ಲಿ.

ದೇವರು ಹೋಗು ಅಂದ ಆ ನಿನೆವೆ ಯಾವ ಊರು ಅಂತ ತಿಳಿಯದೆ, ಹೋಗದೆ ಓಡಿದ ಯೋನನನ್ನು ಬೈಯುವುದು ಅನ್ಯಾಯ. ಈಗಿನ ಇರಾಕಿನ ಮೊಸೂಲ್ ಪಟ್ಟಣದ ಎದುರಿಗೆ, ಟೈಗ್ರಿಸ್ ನದಿಯ ಪೂರ್ವ ದಡದಲ್ಲಿ ಅದು ಇತ್ತು. ಅಸ್ಸೀರಿಯ ಸಾಮ್ರಾಜ್ಯದ ರಾಜಧಾನಿಯಾಗಿ ಮೆರೆದ ಊರು. ಈ ಅಸ್ಸೀರಿಯದವರೇ ಕ್ರಿ.ಪೂ. 722ರ ಸುಮಾರಿಗೆ ಸಮಾರ್ಯವನ್ನು ಹಾಳುಮಾಡಿ ಯೋನನ ಜನರನ್ನು ಸೆರೆ ಒಯ್ದರು. ಕ್ರಿ.ಪೂ. 701ರಲ್ಲಿ ಸನ್ಹೇರೀಬ ರಾಜ ಯೆಹೂದದ ಲಾಕೀಷ್ ಪಟ್ಟಣವನ್ನು ಹಿಡಿದ. ಆ ಗೆಲುವನ್ನು ನಿನೆವೆಯ ತನ್ನ ಅರಮನೆಯ ಗೋಡೆಗಳ ಮೇಲೆ ಕಲ್ಲಿನಲ್ಲಿ ಕೆತ್ತಿಸಿದ. ಆ ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಶೂಲಕ್ಕೆ ಏರಿಸಿದ ಗಂಡಸರು, ಮೂಟೆ ಹೊತ್ತು ಊರು ಬಿಡುವ ಸಂಸಾರಗಳು, ಗಾಡಿಯ ಮೇಲೆ ಕೂತ ಹೆಂಗಸರು ಮಕ್ಕಳು, ಎಲ್ಲ ಅದರಲ್ಲಿದೆ. ಮಾಡಿದ ಕ್ರೌರ್ಯವನ್ನು ಅವರು ಮುಚ್ಚಿಡಲಿಲ್ಲ, ಅಲಂಕಾರ ಮಾಡಿಕೊಂಡರು. ಯೋನನ ಕಥೆಯನ್ನು ಚರಿತ್ರೆ ಅಂತ ಓದುವವರಿದ್ದಾರೆ, ಸಾಮತಿ, ಅಂದರೆ ನೀತಿ ಹೇಳುವ ಕಥೆ ಅಂತ ಓದುವವರಿದ್ದಾರೆ. ಹೇಗೆ ಓದಿದರೂ ಅದನ್ನು ಕೇಳಿದ ಯೆಹೂದ್ಯರಿಗೆ ನಿನೆವೆ ಅಂದರೆ ಯಾರು ಅಂತ ಚೆನ್ನಾಗಿ ಗೊತ್ತಿತ್ತು.

ಅಂಥ ಊರಿಗೆ ಹೋಗು ಅಂದಾಗ ಯೋನ ಯೊಪ್ಪ ಬಂದರಿಗೆ ಹೋಗಿ, ವಿರುದ್ಧ ದಿಕ್ಕಿನ ತಾರ್ಷೀಷಿಗೆ ಹೋಗುವ ಹಡಗು ಹತ್ತಿದ. ಬಿರುಗಾಳಿ, ಮೀನಿನ ಹೊಟ್ಟೆಯಲ್ಲಿ ಮೂರು ದಿನ, ಎಲ್ಲ ಆದ ಮೇಲೆ ಕೊನೆಗೂ ನಿನೆವೆಗೆ ಬಂದ. ಅಲ್ಲಿ ಅವನು ಮಾಡಿದ ಉಪದೇಶ ಒಂದೇ ಸಾಲು: ಇನ್ನು ನಲವತ್ತು ದಿನಗಳಲ್ಲಿ ನಿನೆವೆ ನಾಶವಾಗುತ್ತದೆ. ಪಶ್ಚಾತ್ತಾಪಪಡಿ ಅಂತ ಹೇಳಲಿಲ್ಲ. ಉಳಿಯುವ ದಾರಿ ಇದೆ ಅಂತಲೂ ಹೇಳಲಿಲ್ಲ.

ಆದರೆ ಯೋಚಿಸಿ, ನಾಶ ಮಾಡಲೇಬೇಕು ಅಂತಿದ್ದರೆ ನಲವತ್ತು ದಿನ ಮುಂಚೆ ಯಾಕೆ ಹೇಳಬೇಕು? ನಿನೆವೆಯ ಜನರಿಗೆ ಇದು ಹೊಳೆಯಿತು. ಪ್ರವಾದಿ ಹೇಳದೇ ಬಿಟ್ಟದ್ದನ್ನು ಅವರು ಕೇಳಿಸಿಕೊಂಡರು. ರಾಜ ಸಿಂಹಾಸನದಿಂದ ಇಳಿದ. ನಿಲುವಂಗಿ ತೆಗೆದಿಟ್ಟ. ಗೋಣಿತಟ್ಟು ಉಟ್ಟು ಬೂದಿಯಲ್ಲಿ ಕೂತ. ದನಕರು, ಆಡುಕುರಿಗಳಿಗೂ ಉಪವಾಸ, ಅವಕ್ಕೂ ಗೋಣಿತಟ್ಟು. "ಯಾರಿಗೆ ಗೊತ್ತು, ದೇವರು ಮನಸ್ಸು ಬದಲಿಸಿಯಾರು" ಅಂದ ರಾಜ. ಇದೇ "ಯಾರಿಗೆ ಗೊತ್ತು" ಯೋವೇಲನ ಬಾಯಲ್ಲೂ ಇದೆ, ಬೂದಿ ಬುಧವಾರದ ಅದೇ ವಾಚನದಲ್ಲಿ. ನನಗೆ ಇದಕ್ಕಿಂತ ಪ್ರಾಮಾಣಿಕವಾದ ಪ್ರಾರ್ಥನೆ ಗೊತ್ತಿಲ್ಲ. ಕ್ಷಮೆ ನಮ್ಮ ಹಕ್ಕು ಅಂತ ಅದು ಹೇಳುವುದಿಲ್ಲ. ಕ್ಷಮೆ ಸಿಗುವುದೇ ಇಲ್ಲ ಅಂತಲೂ ಕೈಚೆಲ್ಲುವುದಿಲ್ಲ.

ಇಲ್ಲಿ ಒಂದು ವಿಷಯ ಸುಮ್ನೆ ದಾಟಿಹೋಗಬಾರದು. ಯೆಹೂದ್ಯರ ಮಿಷ್ನಾ ಗ್ರಂಥದಲ್ಲಿ, ಮಳೆ ಬಾರದೆ ಊರೆಲ್ಲ ಉಪವಾಸ ಹಿಡಿದಾಗ ಹಿರಿಯರೊಬ್ಬರು ಎದ್ದು ನಿಂತು ಏನು ಹೇಳಬೇಕು ಅಂತ ಬರೆದಿದೆ. ನಿನೆವೆಯವರ ಗೋಣಿತಟ್ಟನ್ನೂ ಉಪವಾಸವನ್ನೂ ದೇವರು ನೋಡಿದರು ಅಂತ ಗ್ರಂಥ ಹೇಳುವುದಿಲ್ಲ, ಅವರ ಕೆಲಸಗಳನ್ನು ನೋಡಿದರು ಅಂತ ಹೇಳುತ್ತದೆ ಎಂದು ಅವರು ನೆನಪಿಸಬೇಕು. ಎಷ್ಟು ಚೂಪಾದ ಓದು ಅಲ್ವಾ? ರಾಜನ ಆಜ್ಞೆಯಲ್ಲೂ ಅದೇ ಇದೆ. ಪ್ರತಿಯೊಬ್ಬನೂ ತನ್ನ ಕೈಯಲ್ಲಿರುವ ಹಿಂಸೆಯನ್ನು ಬಿಡಬೇಕು ಅನ್ನುತ್ತಾನೆ. ಪಶ್ಚಾತ್ತಾಪ ಕಣ್ಣಿಂದ ಶುರುವಾಗಬಹುದು, ಆದರೆ ಕೈಗೆ ಬಂದು ಮುಟ್ಟಬೇಕು. ಯೇಸುವನ್ನು ಮನೆಗೆ ಬರಮಾಡಿಕೊಂಡ ಸುಂಕದ ಜಕ್ಕಾಯ ಅತ್ತನೋ ಇಲ್ಲವೋ ಲೂಕ ತನ್ನ ಸುವಾರ್ತೆಯಲ್ಲಿ ಬರೆದಿಲ್ಲ. ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದದ್ದನ್ನು ಬರೆದಿದ್ದಾನೆ. ಪಾಪನಿವೇದನೆ ಮಾಡಿಬಿಟ್ಟರೆ ಕದ್ದ ಮಾಲು ನಮ್ಮದಾಗುವುದಿಲ್ಲ. ಆದಷ್ಟು ಹಿಂದಿರುಗಿಸಬೇಕು ಅನ್ನುವುದು ಧರ್ಮಸಭೆಯ ಬೋಧನೆ. ತಪಸ್ಸು ಕಾಲದಲ್ಲಿ ಮಾಂಸ ಬಿಡುತ್ತೇವೆ, ಒಪ್ಪೊತ್ತು ಇರುತ್ತೇವೆ, ಶುಕ್ರವಾರ ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳಲ್ಲೂ ಮಂಡಿಯೂರುತ್ತೇವೆ. ಎಲ್ಲ ಒಳ್ಳೆಯದೇ. ಆದರೆ ಕೂಲಿಯವರಿಗೆ ಕೊಡಬೇಕಾದ ಬಾಕಿ ಹಾಗೇ ಇದ್ದರೆ ಅದೆಲ್ಲ ಬರೀ ಗೋಣಿತಟ್ಟು.

ನಿನೆವೆ ಉಳಿಯಿತು. ತಪಸ್ಸು ಕಾಲದ ಮೊದಲ ವಾರದ ಬುಧವಾರ ನಮ್ಮ ಪೂಜೆಯಲ್ಲಿ ಯೋನನ ಮೂರನೆಯ ಅಧ್ಯಾಯ ಓದುತ್ತಾರೆ. ಓದು ಇಲ್ಲಿಗೇ ನಿಲ್ಲುತ್ತದೆ. ದೇವರು ಮನಸ್ಸು ಬದಲಿಸಿದರು, ಪ್ರಭುವಿನ ವಾಕ್ಯ, ದೇವರಿಗೆ ಕೃತಜ್ಞತೆ ಸಲ್ಲಲಿ. ನಾಲ್ಕನೆಯ ಅಧ್ಯಾಯ ಅವತ್ತು ಬರುವುದಿಲ್ಲ. ನನ್ನ ಮಟ್ಟಿಗೆ ತಪಸ್ಸು ಕಾಲದಲ್ಲಿ ಓದಲೇಬೇಕಾದದ್ದು ಅದೇ.

ನಾಲ್ಕನೆಯ ಅಧ್ಯಾಯದಲ್ಲಿ ಯೋನನಿಗೆ ಕಡುಕೋಪ ಬರುತ್ತದೆ. ನಾನು ಊರಲ್ಲಿದ್ದಾಗಲೇ ಇದನ್ನು ಹೇಳಿರಲಿಲ್ಲವೇ, ಅದಕ್ಕೇ ಓಡಿಹೋದದ್ದು, ನೀವು ಕರುಣಾಳು, ದಯಾವಂತರು, ಬೇಗ ಸಿಟ್ಟಾಗದವರು ಅಂತ ನನಗೆ ಗೊತ್ತಿತ್ತು ಅನ್ನುತ್ತಾನೆ. ದೇವರು ಕಠಿಣರು ಅಂತ ಹೆದರಿ ಅವನು ಓಡಿದ್ದಲ್ಲ. ದೇವರು ಮೃದು ಅಂತ ತಿಳಿದೇ ಓಡಿದ್ದು. ತನ್ನ ಜನರನ್ನು ಶೂಲಕ್ಕೆ ಹಾಕುವ ಜನ ಬದುಕಿಕೊಳ್ಳುತ್ತಾರೆ ಅನ್ನುವುದು ಅವನಿಗೆ ಸಹಿಸಲು ಆಗಲಿಲ್ಲ.

ನಮ್ಮ ಚರ್ಚಿಗೆ ಬರುವವರಲ್ಲಿ ಒಬ್ಬರಿದ್ದಾರೆ. ನಮ್ಮ ತಂದೆ ನಂಬಿ ಸಹಿ ಹಾಕಿದ ಕಾಗದ ಇಟ್ಟುಕೊಂಡು ನಮ್ಮ ಜಮೀನಿನ ಒಂದು ಭಾಗ ತಮ್ಮದು ಮಾಡಿಕೊಂಡವರು. ಹೆಸರು ಬೇಡ. ಅಪ್ಪ ಆ ಕೊರಗಿನಲ್ಲೇ ತೀರಿಕೊಂಡರು. ಒಂದು ಬೂದಿ ಬುಧವಾರ ಅವರು ಸಾಲಿನಲ್ಲಿ ನನ್ನ ಮುಂದೆಯೇ ನಿಂತಿದ್ದರು. ತಲೆ ಬಾಗಿಸಿ ಬೂದಿ ಹಚ್ಚಿಸಿಕೊಂಡರು. ಅದೇ ತಟ್ಟೆಯ ಬೂದಿ, ಅದೇ ಹೆಬ್ಬೆರಳು, ಆಮೇಲೆ ನನ್ನ ಹಣೆಗೆ. ದೇವರು ನನ್ನನ್ನು ಕ್ಷಮಿಸುತ್ತಾರೆ ಅನ್ನುವುದು ನನಗೆ ಸಲೀಸಾಗಿ ಒಪ್ಪಿಗೆಯಾಗುತ್ತದೆ. ಅವರನ್ನೂ ಕ್ಷಮಿಸಬಹುದು ಅನ್ನುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಳ್ಳುತ್ತದೆ. ಆಗ ಯೋನ ನನಗೆ ಬಹಳ ಹತ್ತಿರದವನು.

ದೇವರು ಯೋನನನ್ನು ಗದರಿಸಲಿಲ್ಲ, ಶಪಿಸಲಿಲ್ಲ. ಕೇಳಿದರು: ನೀನು ಹೀಗೆ ಸಿಟ್ಟಾಗುವುದು ಸರಿಯೇ? ಅವನು ಊರಾಚೆ ಹೋಗಿ, ಏನಾಗುತ್ತದೋ ನೋಡೋಣ ಅಂತ ಚಪ್ಪರ ಹಾಕಿಕೊಂಡು ಕೂತ. ದೇವರು ಒಂದು ಗಿಡ ಬೆಳೆಸಿ ನೆರಳು ಕೊಟ್ಟರು. ಮಾರನೆಯ ಬೆಳಗ್ಗೆ ಹುಳು ಹತ್ತಿ ಗಿಡ ಒಣಗಿತು. ಬಿಸಿಗಾಳಿ ಬೀಸಿತು, ಬಿಸಿಲು ತಲೆಗೆ ಹೊಡೆಯಿತು. ಸಾಯುವುದೇ ಮೇಲು ಅಂದ ಯೋನ. ಆಗ ದೇವರು ಹೇಳಿದರು: ನೀನು ನೆಡದ, ಬೆಳೆಸದ ಗಿಡಕ್ಕೆ ಇಷ್ಟು ಮರುಗಿದೆ. ಬಲಗೈ ಯಾವುದು ಎಡಗೈ ಯಾವುದು ತಿಳಿಯದ 1,20,000ಕ್ಕಿಂತ ಹೆಚ್ಚು ಜನ, ಅಷ್ಟೊಂದು ದನಕರು ಇರುವ ಈ ಊರಿಗೆ ನಾನು ಮರುಗಬಾರದೇ? ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಯೋನ ಏನು ಉತ್ತರ ಕೊಟ್ಟ ಅಂತ ಬರೆದಿಲ್ಲ. ಯೇಸು ಹೇಳಿದ ದುಂದುಗಾರ ಮಗನ ಸಾಮತಿಯೂ ಹೀಗೇ ನಿಲ್ಲುತ್ತದೆ. ಹಾಳಾಗಿ ವಾಪಸ್ ಬಂದ ತಮ್ಮನಿಗೆ ಔತಣ ಮಾಡಿದ್ದಕ್ಕೆ ಸಿಟ್ಟಾಗಿ ಹೊರಗೆ ನಿಂತ ಹಿರಿಯ ಮಗನನ್ನು ತಂದೆ ಅಂಗಳಕ್ಕೆ ಬಂದು ಬೇಡಿಕೊಳ್ಳುತ್ತಾನೆ. ಅವನು ಒಳಗೆ ಹೋದನೋ ಇಲ್ಲವೋ ಗೊತ್ತಿಲ್ಲ.

ಹಾಗಾದರೆ ಅನ್ಯಾಯಕ್ಕೆ ಲೆಕ್ಕವೇ ಇಲ್ಲವೇ? ಇದೆ. ಬೈಬಲ್ಲಿನಲ್ಲಿ ಯೋನನಾದ ಸ್ವಲ್ಪದರಲ್ಲೇ ನಹೂಮನ ಪುಸ್ತಕ ಬರುತ್ತದೆ. ಅದು ಪೂರ್ತಿ ನಿನೆವೆಯ ನಾಶದ ಮಾತು. ಕ್ರಿ.ಪೂ. 612ರಲ್ಲಿ ಬಾಬಿಲೋನಿನವರೂ ಮೇದ್ಯರೂ ಸೇರಿ ಆ ಊರನ್ನು ನೆಲಸಮ ಮಾಡಿದರು. ಒಮ್ಮೆ ಸಿಕ್ಕ ಕರುಣೆ ಮುಂದಿನ ಹಿಂಸೆಗೆ ಪರವಾನಗಿ ಆಗಲಿಲ್ಲ. ಈ ಎರಡು ಪುಸ್ತಕಗಳನ್ನೂ ನಮ್ಮ ಹಿರಿಯರು ಉಳಿಸಿಕೊಂಡರು, ಒಂದನ್ನು ಬಿಟ್ಟು ಒಂದನ್ನು ಇಟ್ಟುಕೊಳ್ಳಲಿಲ್ಲ. ಅಪ್ಪನ ಕೊರಗನ್ನು ದೇವರು ಮರೆತಿಲ್ಲ ಅಂತ ನಾನು ನಂಬುವುದಕ್ಕೆ ನಹೂಮ ಬೇಕು. ನನ್ನ ಸಿಟ್ಟೇ ತೀರ್ಪಲ್ಲ ಅಂತ ತಿಳಿಯುವುದಕ್ಕೆ ಯೋನ ಬೇಕು.

ಮೊಸೂಲಿನಲ್ಲಿ ಯೋನನ ಸಮಾಧಿ ಅಂತ ನಂಬಿದ್ದ ಜಾಗದಲ್ಲಿ ಒಂದು ಮಸೀದಿ ಇತ್ತು. ಮುಸ್ಲಿಮರಿಗೂ ಅವನು ಪ್ರವಾದಿ, ಯೂನುಸ್. 2014ರ ಜುಲೈನಲ್ಲಿ ಐಸಿಸ್ ಉಗ್ರರು ಅದನ್ನು ಸ್ಫೋಟಿಸಿದರು. ಅದೇ ತಿಂಗಳು ಆ ಊರಿನ ಕ್ರೈಸ್ತರನ್ನು ಮನೆಮಠ ಬಿಡಿಸಿ ಓಡಿಸಿದರು. ಆ ಕ್ರೈಸ್ತರ ಸಭೆಗಳಲ್ಲಿ ತಪಸ್ಸು ಕಾಲಕ್ಕೆ ಮೂರು ವಾರ ಮುಂಚೆ ಮೂರು ದಿನದ ನಿನೆವೆ ಉಪವಾಸ ಹಿಡಿಯುವ ಪದ್ಧತಿ ನೂರಾರು ವರ್ಷಗಳಿಂದ ಇದೆ. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಅದು ಮೂರು ನೋಂಬು. ಕುರವಿಲಂಗಾಡಿನ ಚರ್ಚಿನಲ್ಲಿ ಆಗ ಹಡಗಿನ ಮೆರವಣಿಗೆ ತೆಗೆಯುತ್ತಾರೆ. ಬೆಳ್ತಂಗಡಿ, ಭದ್ರಾವತಿ ಕಡೆ ಬಂದು ನೆಲೆಸಿದ ಮಲಯಾಳಿ ಮನೆಗಳಿಗೂ ಈ ನೋಂಬು ಹೊಸದಲ್ಲ. ಮನೆ ಕಳೆದುಕೊಂಡ ಮೊಸೂಲಿನವರು ಆಮೇಲೆ ಯಾವ ಮನಸ್ಸಿನಿಂದ ಆ ಉಪವಾಸ ಹಿಡಿದಿರಬಹುದು ಅಂತ ಯೋಚಿಸುತ್ತೇನೆ. ಊರನ್ನು ಹಾಳು ಮಾಡಿದವರೂ ಪಶ್ಚಾತ್ತಾಪಪಟ್ಟು ಬದುಕಿಕೊಳ್ಳಬಹುದು ಅನ್ನುವ ಕಥೆಯನ್ನು ಅವರು ಅಳುತ್ತಾ ಓದಬೇಕಲ್ಲ. ಅವರ ಮುಂದೆ ನನ್ನ ಜಮೀನಿನ ಮಾತು ಬಹಳ ಸಣ್ಣದು.

ಯೇಸು ಹೇಳಿದ ಒಂದು ಮಾತು ಲೂಕನಲ್ಲಿದೆ. ತೀರ್ಪಿನ ದಿನ ನಿನೆವೆಯವರು ಎದ್ದು ನಿಂತು ಈ ಪೀಳಿಗೆಯ ಮೇಲೆ ತಪ್ಪು ಹೊರಿಸುತ್ತಾರೆ, ಯಾಕೆಂದರೆ ಅವರು ಯೋನನ ಮಾತಿಗೇ ಮನಸ್ಸು ತಿರುಗಿಸಿದರು. ಅಂದರೆ ಕೊನೆಯ ದಿನ ಸಾಕ್ಷಿ ಹೇಳುವವರು ಪುಣ್ಯವಂತರಲ್ಲ, ಕ್ಷಮೆ ಪಡೆದ ಪಾಪಿಗಳು. ನಾನು ಯಾರನ್ನು ಕ್ಷಮೆಗೆ ಯೋಗ್ಯರಲ್ಲ ಅಂದುಕೊಂಡಿದ್ದೇನೋ ಅವರೇ ಅಲ್ಲಿ ನಿಂತಿರಬಹುದು.

ಯೆಹೂದ್ಯರು ತಮ್ಮ ಪ್ರಾಯಶ್ಚಿತ್ತದ ದಿನ ಮಧ್ಯಾಹ್ನ ಯೋನನನ್ನು ಪೂರ್ತಿ ಓದುತ್ತಾರೆ. ದೊಡ್ಡ ಪುಸ್ತಕವೇನಲ್ಲ, ಎಲ್ಲ ಸೇರಿ 48 ವಚನ. ನಮ್ಮ ಮನೆಯಲ್ಲಿ ತಪಸ್ಸು ಕಾಲದ ಮೊದಲ ವಾರದ ಬುಧವಾರ ರಾತ್ರಿ, ಜಪಸರ ಮುಗಿದ ಮೇಲೆ, ನಾಲ್ಕನೆಯ ಅಧ್ಯಾಯ ಓದುತ್ತೇವೆ. ಮಕ್ಕಳಿಗೆ ಹುಳು ಅಂದರೆ ಇಷ್ಟ, ಬೇಸರ ಪಡುವುದಿಲ್ಲ. ಆಮೇಲೆ ಒಬ್ಬೊಬ್ಬರೂ, ಕ್ಷಮಿಸಲು ಕಷ್ಟವಾಗುವ ಒಬ್ಬರ ಹೆಸರನ್ನು ಪ್ರಾರ್ಥನೆಯಲ್ಲಿ ಹೇಳಬೇಕು. ಕೆಲವು ಸಲ ಹೆಸರು ನನ್ನ ಬಾಯಿಗೆ ಬರುವುದೇ ಇಲ್ಲ. ಆಗ ಎಲ್ಲರೂ ಸೇರಿ ಪರಲೋಕದಲ್ಲಿರುವ ನಮ್ಮ ತಂದೆಯೇ ಅನ್ನುತ್ತೇವೆ. ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಅದರಲ್ಲೂ ಇದೆ. ಅಲ್ಲಿಗೆ ಬಂದಾಗ ಯಾರೂ ಬೇಗ ಬೇಗ ಹೇಳಬಾರದು ಅಂತ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ.