ಎಕ್ಸ್‌ರೇ ಮಾಸ್ತರರ ಹಾಜರಿ

ವಿಜ್ಞಾನದ ಮಾಸ್ತರರಿಗೆ ನಾವಿಟ್ಟ ಹೆಸರು ಎಕ್ಸ್‌ರೇ. ಹೋಮ್‌ವರ್ಕ್ ಮಾಡದವನು ಎಷ್ಟೇ ಸಾಚಾ ಮುಖ ಮಾಡಿ ಕೂತರೂ ಅವರ ಕಣ್ಣು ನೆಟ್ಟಗೆ ಅವನ ಖಾಲಿ ನೋಟ್‌ಬುಕ್ಕಿಗೇ ಬೀಳುತ್ತಿತ್ತು. ಹೋದ ವರ್ಷ ಹೃದಯಾಘಾತದಿಂದ ತೀರಿಕೊಂಡರು. ವಾಟ್ಸಾಪಿನಲ್ಲಿ ಸುದ್ದಿ ಬಂದಾಗ ನನಗೆ ನೆನಪಾದದ್ದು ಅವರ ಪಾಠವಲ್ಲ, ಕಲಬುರಗಿಯ ಅಪ್ಪನ ಕೆರೆ.

1999, ಒಂಬತ್ತನೇ ಇಯತ್ತೆ, ಜುಲೈ ಕೊನೆ. ನಾವು ನಾಲ್ವರು ಶಾಲೆಯ ಗೋಡೆ ಹಾರಿ ಕೆರೆ ದಂಡೆಗೆ ಹೋಗಿ ಶಹಾಬಾದ ಫರಸಿಯ ಚೂರುಗಳನ್ನು ನೀರಿನ ಮೇಲೆ ಪುಟಿಸುತ್ತಿದ್ದೆವು. ನನ್ನ ಕಲ್ಲು ಏಳು ಸಲ ಪುಟಿಯಿತು. (ಗೆಳೆಯರು ಇವತ್ತಿಗೂ ಐದು ಅನ್ನುತ್ತಾರೆ. ಹೊಟ್ಟೆಕಿಚ್ಚು.) ಹಿಂದಿನಿಂದ ದನಿ ಬಂತು: "ಇನ್ನಷ್ಟು ವಾರಿ ಮಾಡಿ ಒಗಿಯಲೇ!" ಸೈಕಲ್ ಹಿಡಿದು ನಿಂತಿದ್ದರು ಮಾಸ್ತರರು.

ಹೊಡೆಯಲಿಲ್ಲ. ಜೇಬಿನಿಂದ ಪೇಪರಿನ ತುಣುಕು ತೆಗೆದರು. ಜುಲೈ 23ರಂದು ಕೊಲಂಬಿಯಾ ನೌಕೆ ಚಂದ್ರಾ ಎಂಬ ಎಕ್ಸ್‌ರೇ ದೂರದರ್ಶಕವನ್ನು ಬಾಹ್ಯಾಕಾಶಕ್ಕೆ ಹೊತ್ತೊಯ್ದ ಸುದ್ದಿ. "ಆಕಾಶದಿಂದ ಬರೋ ಎಕ್ಸ್‌ರೇ ನಮ್ಮ ಗಾಳಿನೇ ನುಂಗಿಬಿಡ್ತದ. ಅದಕ್ಕ ಮ್ಯಾಲ ಹೋಗೇ ನೋಡಬೇಕು. ಅಲ್ಲೂ ಕನ್ನಡಿಗಿ ನೆಟ್ಟಗ ಬಡದ್ರ ಒಳಗ ಹೊಕ್ಕಿಬಿಡ್ತದ, ಕಲ್ಲ ಮುಳಗಿದಂಗ. ಸವರಿಕೊಂಡು ಹೋದ್ರ ಮಾತ್ರ ಪುಟೀತದ." ಚಂದ್ರಾದ ಕನ್ನಡಿ ತಟ್ಟೆಯ ಹಾಗಲ್ಲ, ಒಂದರೊಳಗೊಂದು ಕೂಡಿಸಿದ ಕೊಳವೆಗಳ ಹಾಗೆ ಎಂದು ಮಣ್ಣಿನಲ್ಲಿ ಕಡ್ಡಿಯಿಂದ ಬರೆದು ತೋರಿಸಿದರು. ಆಮೇಲೆ ತಾವೂ ಒಂದು ಕಲ್ಲು ಒಗೆದರು. ಗುಳುಂ ಎಂದು ಮುಳುಗಿತು. ನಾಲ್ವರಿಗೂ ಆ ದಿನ ಹಾಜರಿ ಹಾಕಿದರು. "ಪಾಠ ಆಗ್ಯಾದಲ್ಲ!"

ಆ ವರ್ಷದ ಉಳಿದ ಪಾಠ ಒಂದಕ್ಷರ ನೆನಪಿಲ್ಲ. ಹತ್ತನೇ ಇಯತ್ತೆಯ ವಿಜ್ಞಾನದಲ್ಲಿ 94 ಬಂದದ್ದು ಮಾತ್ರ ಚೆನ್ನಾಗಿ ನೆನಪಿದೆ. ಈಗ ನನ್ನ ಮಗನ ಶಾಲೆಯಲ್ಲಿ ಸ್ಮಾರ್ಟ್ ಬೋರ್ಡ್ ಇದೆ, ಹುಡುಗ ಐದು ನಿಮಿಷ ತಡವಾದರೆ ಅಪ್ಪನ ಮೊಬೈಲಿಗೆ ಮೆಸೇಜ್ ಬರುತ್ತದೆ. ಗೋಡೆ ಹಾರುವುದೆಲ್ಲಿಂದ ಬಂತು?

2013ರ ಮೇ ತಿಂಗಳಲ್ಲಿ ಮಾಸ್ತರರ ಮನೆಗೆ ಹೋಗಿದ್ದೆ. ಮಟಮಟ ಮಧ್ಯಾಹ್ನ, ಅಂಗಳದ ಫರಸಿಯ ಮೇಲೆ ಬರಿಗಾಲಲ್ಲಿ ನಿಂತು ಮಾತಾಡಿದರು. ಒಳಗೆ ಬಂದು ಕೂತಾಗ ಅಂಗಾಲ ತುಂಬ ಬೊಬ್ಬೆ. ಸುಟ್ಟದ್ದೇ ಅವರಿಗೆ ಗೊತ್ತಾಗಿರಲಿಲ್ಲ. ಒಬ್ಬ ಡಾಕ್ಟರು ಎಕ್ಸ್‌ರೇ ನೋಡಿ "ಎಲುಬು ಗಟ್ಟಿ ಅದ, ಇದು ವಾತ" ಎಂದು ವರ್ಷವಿಡೀ ಗುಳಿಗೆ ನುಂಗಿಸಿದರು. ಹೈದರಾಬಾದಿನಲ್ಲಿ ಎಂಆರ್‌ಐ ಮಾಡಿಸಿದಾಗ ಬೆನ್ನುಹುರಿಯ ಒಳಗೇ ಗಡ್ಡೆ ಕಾಣಿಸಿತು. ಎಪೆಂಡಿಮೋಮಾ. ಹುರಿಯ ನಡುವಿನ ಸಣ್ಣ ನಾಳದ ಒಳಪದರದ ಕೋಶಗಳಿಂದ ಹುಟ್ಟುವ ಅಪರೂಪದ ಗಡ್ಡೆ. ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತ, ನೋವು, ಬಿಸಿ, ತಣ್ಣಗಿನ ಸುದ್ದಿ ಒಯ್ಯುವ ನರತಂತುಗಳನ್ನು ಅಮುಕುತ್ತದೆ. ಎಲುಬು ತೋರಿಸುವ ಎಕ್ಸ್‌ರೇಗೆ ಹುರಿ ಕಾಣುವುದಿಲ್ಲ. "ಕಪ್ಪು ಕುಳಿ ಸುತ್ತಿನ ಬೆಂಕಿ ತೋರಸ್ತದ, ನನ್ನ ಬೆನ್ನಾಗಿಂದು ತೋರಸ್ಲಿಲ್ಲ. ನನ್ನ ಹೆಸರು ಬದಲಿ ಮಾಡ್ರಲೇ" ಎಂದು ನಕ್ಕರು. ನಾವಿಟ್ಟ ಹೆಸರು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು!

ಸೂಕ್ಷ್ಮದರ್ಶಕದಡಿ ಗಡ್ಡೆ ತೆಗೆದರು. ನಡೆಯಲು ವಾಕರ್ ಬಂತು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ, ಎಕ್ಸ್‌ರೇಯನ್ನೂ ನೋಡಬಲ್ಲ ಭಾರತದ ದೂರದರ್ಶಕ ಉಪಗ್ರಹ ಆಸ್ಟ್ರೋಸ್ಯಾಟ್ ಹಾರಿದಾಗ ಫೋನು ಮಾಡಿದರು: "ನಮ್ದೂ ಹೋಯ್ತಲೇ! ಕನ್ನಡಿಗಿ ಬಂಗಾರದ ಲೇಪ ಹಾಕ್ಯಾರ."

ಮುಂದಿನ ಬೇಸಿಗೆಗೆ ಹೋದಾಗ ಅಂಗಳದ ಅಂಚಿಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಚಪ್ಪಲಿ ಬಿಟ್ಟು ಎರಡೂ ಪಾದ ಫರಸಿಗೆ ತಾಗಿಸಿ, ತಟ್ಟನೆ ಮೇಲೆತ್ತಿದರು.

"ಎಡಗಾಲು ಹಾಜರ್ ಅದ ನೋಡು. ಬಲಗಾಲು ಇನ್ನಾ ಗೋಡಿ ಹಾರಿ ಹೋಗ್ಯಾದ."